ಚೀಟಿಯಲ್ಲಿ ಬರೆಯದ ಪರೀಕ್ಷೆ

ಹರ್ನಿಯಾ ಇರಲಿ, ಪಿತ್ತಕೋಶದ ಕಲ್ಲಿರಲಿ, ಗರ್ಭಕೋಶದ ಗಡ್ಡೆಯಿರಲಿ, ಆಪರೇಷನ್ ಆಗಲೇಬೇಕು ಎಂದು ಸರ್ಜನ್ ಹೇಳಿದ ಮೇಲೆ ರೋಗಿಯ ಕೈಗೆ ಮೊದಲು ಬರುವುದು ಒಂದು ಚೀಟಿ. ಸಿಬಿಸಿ, ಶುಗರ್, ಕ್ರಿಯಾಟಿನಿನ್, ಎಲ್‌ಎಫ್‌ಟಿ, ಪಿಟಿ-ಐಎನ್‌ಆರ್, ಎಚ್‌ಐವಿ, ಇಸಿಜಿ, ಎದೆಯ ಎಕ್ಸ್‌ರೇ, ಕೊನೆಗೆ ಎಕೋ. ಮನೆಯವರು ಆ ಚೀಟಿ ಹಿಡಿದು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಓಡಾಡುತ್ತಾರೆ; ಸಂಜೆಯಾಗುವಷ್ಟರಲ್ಲಿ ಫೈಲು ದಪ್ಪವಾಗಿರುತ್ತದೆ. ‘ಎಲ್ಲ ನಾರ್ಮಲ್ ಬಂದಿದೆಯಂತೆ, ಇನ್ನೇನೂ ಭಯವಿಲ್ಲ’ ಎಂದು ಊರಿಗೆ ಫೋನ್ ಹೋಗುತ್ತದೆ. ಹಾಗೆ ಸಮಾಧಾನಪಡುವುದು ಸಹಜ. ಆದರೆ ಆಪರೇಷನ್ ಟೇಬಲ್ ಮೇಲೆ ಜೀವ ಕಾಯುವ ಎಷ್ಟೋ ಸಂಗತಿಗಳು ಆ ಫೈಲಿನಲ್ಲಿ ಸಿಗುವುದಿಲ್ಲ. ಅವು ಮನೆಯ ಮಾತ್ರೆ ಡಬ್ಬಿಯಲ್ಲಿರುತ್ತವೆ, ಚಿಕ್ಕಪ್ಪನಿಗೋ ಅಕ್ಕನಿಗೋ ಹಿಂದೆ ಆದ ಆಪರೇಷನ್ನಿನ ನೆನಪಿನಲ್ಲಿರುತ್ತವೆ, ಯಾರಿಗೂ ಹೇಳದ ಚಟದಲ್ಲಿರುತ್ತವೆ. ಅರಿವಳಿಕೆ ವೈದ್ಯರ ಎದುರು ಕುಳಿತು ಮಾತಾಡಿದಾಗ ಮಾತ್ರ ಅವು ಹೊರಗೆ ಬರುತ್ತವೆ. ನಮ್ಮಲ್ಲಿ ಅತಿ ಅವಸರದಲ್ಲಿ ಮುಗಿದುಹೋಗುವುದೂ ಆ ಮಾತೇ.

ಪರೀಕ್ಷೆ ಹೆಚ್ಚಾದಷ್ಟೂ ಅಪಾಯ ಕಡಿಮೆ ಎಂಬ ನಂಬಿಕೆಯನ್ನು ವೈದ್ಯಲೋಕ ನೇರವಾಗಿಯೇ ಪರೀಕ್ಷಿಸಿ ನೋಡಿದೆ. ಅಮೆರಿಕ ಮತ್ತು ಕೆನಡಾದ ಒಂಬತ್ತು ಕೇಂದ್ರಗಳಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಬಂದ 18,000ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಇಸಿಜಿ ಮತ್ತು ರಕ್ತಪರೀಕ್ಷೆ ಕಡ್ಡಾಯ. ಇನ್ನೊಂದು ಗುಂಪಿನಲ್ಲಿ, ಹೊಸ ತೊಂದರೆ ಕಾಣಿಸಿಕೊಂಡವರಿಗೆ ಅಥವಾ ಹಳೆಯ ಕಾಯಿಲೆ ಉಲ್ಬಣಿಸಿದವರಿಗೆ ಮಾತ್ರ ಪರೀಕ್ಷೆ. 2000ನೇ ಇಸವಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಫಲಿತಾಂಶದ ಪ್ರಕಾರ ಎರಡೂ ಗುಂಪುಗಳಲ್ಲಿ ತೊಂದರೆಯಾದ ಪ್ರಮಾಣ ಒಂದೇ: ಸಾವಿರಕ್ಕೆ ಸುಮಾರು 31. ಕಡ್ಡಾಯ ಪರೀಕ್ಷೆಯಿಂದ ಯಾರಿಗೂ ಹೆಚ್ಚಿನ ರಕ್ಷಣೆ ಸಿಗಲಿಲ್ಲ. ಅದಕ್ಕೂ ಮೊದಲು, 1985ರಲ್ಲಿ, ಅಮೆರಿಕದ್ದೇ ಇನ್ನೊಂದು ಅಧ್ಯಯನ ತುರ್ತಲ್ಲದ ಶಸ್ತ್ರಚಿಕಿತ್ಸೆಗಳ ಕಡತ ತೆಗೆದು ನೋಡಿತ್ತು. ಮಾಡಿಸಿದ್ದ ಪರೀಕ್ಷೆಗಳಲ್ಲಿ ನೂರಕ್ಕೆ ಅರವತ್ತಕ್ಕೆ ರೋಗಿಯ ಸ್ಥಿತಿಯಲ್ಲಿ ಕಾರಣವೇ ಇರಲಿಲ್ಲ. ಚಿಕಿತ್ಸೆಯ ದಾರಿ ಬದಲಿಸಬಹುದಾದ ಫಲಿತಾಂಶ ಸಿಕ್ಕಿದ್ದು ಸಾವಿರಕ್ಕೆ ಎರಡರಷ್ಟರಲ್ಲಿ.

ಅನಗತ್ಯ ಪರೀಕ್ಷೆಯಿಂದ ದುಡ್ಡು ಹೋದರೆ ಹೋಗಲಿ, ನಷ್ಟವೇನು ಎನ್ನುವವರಿದ್ದಾರೆ. ನಷ್ಟವಿದೆ. ಲ್ಯಾಬಿನ ರಿಪೋರ್ಟಿನಲ್ಲಿ ಬಲಗಡೆ ಅಚ್ಚಾಗಿರುವ ‘ನಾರ್ಮಲ್’ ಮಿತಿಯನ್ನು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ 95 ಮಂದಿ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಅಂದರೆ ಏನೂ ಕಾಯಿಲೆಯಿಲ್ಲದ ಐವರು ಆ ಗೆರೆಯ ಆಚೆ ಬೀಳಲೇಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ, ಲೆಕ್ಕದ ಪ್ರಕಾರ ಪೂರ್ತಿ ಆರೋಗ್ಯವಂತ ನೂರು ಜನರಲ್ಲಿ ಸುಮಾರು 64 ಮಂದಿಯ ರಿಪೋರ್ಟಿನಲ್ಲಿ ಒಂದಾದರೂ ಅಂಕಿ ದಪ್ಪ ಅಕ್ಷರದಲ್ಲಿ ಬರುತ್ತದೆ. ಆಮೇಲೆ ಅದರ ಬೆನ್ನು ಹತ್ತಬೇಕು. ಮತ್ತೆ ರಕ್ತ ತೆಗೆಸು, ಇನ್ನೊಬ್ಬ ತಜ್ಞರನ್ನು ಕಾಣು, ಸ್ಕ್ಯಾನ್ ಮಾಡಿಸು, ಆಪರೇಷನ್ ಎರಡು ವಾರ ಮುಂದಕ್ಕೆ ಹಾಕು. ಸಿಂಧನೂರಿನಿಂದಲೋ ಹನೂರಿನಿಂದಲೋ ಬಸ್ಸು ಹತ್ತಿ ಬಂದು, ಕೂಲಿ ಬಿಟ್ಟು, ಆಸ್ಪತ್ರೆಯ ಪಕ್ಕದ ಛತ್ರದಲ್ಲಿ ಉಳಿದುಕೊಂಡವರಿಗೆ ಆ ಎರಡು ವಾರ ಸಣ್ಣದಲ್ಲ.

ಹಾಗೆಂದು ಪರೀಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ಹನಿ ಹಾಕಿ ಅಥವಾ ಪಕ್ಕದಲ್ಲೊಂದು ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತಿನಲ್ಲಿ ಮುಗಿಸುವ ಪೊರೆ ಚಿಕಿತ್ಸೆಗೂ ಕರುಳು ಕತ್ತರಿಸಿ ಜೋಡಿಸುವ ಆಪರೇಷನ್ನಿಗೂ ಹೋಲಿಕೆಯಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನೇ ಪಟ್ಟಿ ಮಾಡಿ ಕೊಟ್ಟಿತು: ಆಪರೇಷನ್ ಚಿಕ್ಕದೋ ದೊಡ್ಡದೋ, ರೋಗಿಗೆ ಬೇರೆ ಕಾಯಿಲೆ ಇದೆಯೋ ಇಲ್ಲವೋ, ಇವೆರಡನ್ನು ನೋಡಿ ಪರೀಕ್ಷೆ ಆರಿಸಬೇಕು. ನಮ್ಮ ದೇಶದ ಸ್ಥಿತಿ ಇನ್ನೊಂದು ಮಾತನ್ನು ಸೇರಿಸುತ್ತದೆ. ಬ್ರಿಟನ್ನಿನ ರೋಗಿಯ ಹಳೆಯ ಆರೋಗ್ಯ ದಾಖಲೆ ಅವನ ಊರಿನ ವೈದ್ಯರ ಬಳಿ ಇರುತ್ತದೆ. ನಮ್ಮಲ್ಲಿ ಐವತ್ತು ದಾಟಿದರೂ ಒಮ್ಮೆಯೂ ಬಿಪಿ ನೋಡಿಸಿಕೊಳ್ಳದವರು ಎಷ್ಟೋ ಮಂದಿ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಹೇಳಿತು. ಅವರಲ್ಲಿ ಅನೇಕರಿಗೆ ಅದು ಗೊತ್ತಾಗುವುದು ಯಾವುದೋ ಆಪರೇಷನ್ನಿಗೆಂದು ರಕ್ತ ಕೊಟ್ಟಾಗಲೇ. ಆದ್ದರಿಂದ ಬಿಪಿ, ಶುಗರ್, ಹಿಮೋಗ್ಲೋಬಿನ್‌ನಂಥ ಅಗ್ಗದ ಪರೀಕ್ಷೆಗಳನ್ನು ಇಲ್ಲಿ ಧಾರಾಳವಾಗಿ ಮಾಡಿಸುವುದರಲ್ಲಿ ಅರ್ಥವಿದೆ. ಏದುಸಿರಿಲ್ಲದ, ಎದೆಯ ಸದ್ದಿನಲ್ಲಿ ದೋಷವಿಲ್ಲದ ಮೂವತ್ತರ ಯುವಕನ ಹರ್ನಿಯಾಕ್ಕೆ ಎಕೋ ಬರೆಯುವುದರಲ್ಲಿ ಇಲ್ಲ. ‘ಡಾಕ್ಟ್ರೇ, ಈ ಪರೀಕ್ಷೆಯಲ್ಲಿ ಏನಾದರೂ ಬಂದರೆ ಆಪರೇಷನ್ನಿನಲ್ಲಿ ಏನು ಬದಲಾಯಿಸುತ್ತೀರಿ?’ ಎಂದು ರೋಗಿ ಮರ್ಯಾದೆಯಿಂದ ಕೇಳಬಹುದು. ಕಾರಣವಿಟ್ಟುಕೊಂಡೇ ಬರೆದ ವೈದ್ಯರಿಗೆ ಉತ್ತರ ಹೇಳಲು ಅರ್ಧ ನಿಮಿಷವೂ ಬೇಡ.

ಫಲಿತಾಂಶ ಬಂದರೆ ಖಂಡಿತ ಏನಾದರೂ ಬದಲಾಗಬೇಕಾದ ಪರೀಕ್ಷೆಯೆಂದರೆ ಹಿಮೋಗ್ಲೋಬಿನ್. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಮುಟ್ಟಿನ ವಿಪರೀತ ರಕ್ತಸ್ರಾವಕ್ಕೆ ಗರ್ಭಕೋಶ ತೆಗೆಸಲು ಬರುವ ಹೆಂಗಸಿಗೆ ಏಳೋ ಎಂಟೋ ಗ್ರಾಂ ಇರುವುದು ವೈದ್ಯರಿಗೆ ದಿನನಿತ್ಯದ ಅನುಭವ. ಇರಬೇಕಾದದ್ದು ಹನ್ನೆರಡು. ಆಗ ಹಿಂದಿನ ರಾತ್ರಿ ಎರಡು ಬಾಟಲಿ ರಕ್ತ ಏರಿಸಿ ಬೆಳಿಗ್ಗೆ ಥಿಯೇಟರಿಗೆ ಕಳಿಸುವ ರೂಢಿಯಿದೆ. ತುರ್ತಿದ್ದರೆ ಬೇರೆ ದಾರಿಯಿಲ್ಲ, ಒಪ್ಪೋಣ. ಆದರೆ ಆರು ವಾರ ಕಾಯಬಹುದಾದ ಆಪರೇಷನ್ನಿಗೆ ಹೀಗೇಕೆ ಮಾಡಬೇಕು? ಕಬ್ಬಿಣಾಂಶದ ಮಾತ್ರೆ ಒಂದೆರಡು ತಿಂಗಳಲ್ಲಿ ಹಿಮೋಗ್ಲೋಬಿನ್ನನ್ನು ಮೇಲೆತ್ತುತ್ತದೆ. ಮಾತ್ರೆ ಹಿಡಿಸದವರಿಗೆ ಡ್ರಿಪ್‌ನಲ್ಲಿ ಕೊಡುವ ಕಬ್ಬಿಣವಿದೆ, ಅದು ಇನ್ನೂ ಬೇಗ ಕೆಲಸ ಮಾಡುತ್ತದೆ. ಅಷ್ಟರವರೆಗೆ ರಕ್ತಸ್ರಾವ ತಡೆಯಲು ಔಷಧಿಗಳಿವೆ. ಬೇರೆಯವರ ರಕ್ತಕ್ಕೆ ದೇಹ ಪ್ರತಿಕ್ರಿಯಿಸುವ ಅಪಾಯ ತಪ್ಪುತ್ತದೆ, ಗಾಯ ಚೆನ್ನಾಗಿ ಮಾಯುತ್ತದೆ, ಆಕೆ ಬೇಗ ಎದ್ದು ಓಡಾಡುತ್ತಾಳೆ. ಶುಗರಿನದೂ ಇದೇ ಕತೆ. ಆಪರೇಷನ್ನಿನ ಬೆಳಿಗ್ಗೆ ಇನ್ಸುಲಿನ್ ಚುಚ್ಚಿ ಅಂಕಿ ಇಳಿಸುವುದು ಸುಲಭ. ಹಿಂದಿನ ಮೂರು ತಿಂಗಳ ಕತೆ ಹೇಳುವ ಎಚ್‌ಬಿಎ1ಸಿ ಎಂಟೂವರೆ, ಒಂಬತ್ತು ಇದ್ದರೆ ಗಾಯ ಕೀವಾಗುವ ಸಂಭವ ಹೆಚ್ಚು. ಪರೀಕ್ಷೆಯನ್ನು ಅಡ್ಮಿಟ್ ಆಗುವ ಹಿಂದಿನ ದಿನದ ಬದಲು ಒಂದು ತಿಂಗಳು ಮೊದಲೇ ಮಾಡಿಸಿದರೆ ತಿದ್ದಲು ಸಮಯ ಸಿಗುತ್ತದೆ. ಈ ಅಂಕಣದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ ಎಂದು ಕೇಳುತ್ತೇನೆ.

ಇನ್ನು ಕೆಲವು ಪರೀಕ್ಷೆಗಳು ಕೆಲವರಿಗೆ ಮಾತ್ರ ಬೇಕು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣ ರಕ್ತಹೀನತೆ ಇದೆ. ಅಂಥ ಕುಟುಂಬದವರಿಗೆ ಆಪರೇಷನ್ನಿನ ಸಮಯದಲ್ಲಿ ಚಳಿ ಹಿಡಿದರೆ, ನೀರಿನಂಶ ಕಡಿಮೆಯಾದರೆ, ಆಮ್ಲಜನಕ ಇಳಿದರೆ ಕೆಂಪುಕಣಗಳು ಬಾಗಿ ರಕ್ತನಾಳ ಕಟ್ಟಿಕೊಳ್ಳುತ್ತವೆ. ಮೊದಲೇ ಗೊತ್ತಿದ್ದರೆ ಬೆಚ್ಚಗಿಟ್ಟು, ಡ್ರಿಪ್ ಹಾಕಿ ಕಾಪಾಡಬಹುದು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಿಂತ ‘ಹಲ್ಲು ಕಿತ್ತಾಗ ರಕ್ತ ನಿಲ್ಲಲು ತಡವಾಯಿತೇ, ಹೆರಿಗೆಯಲ್ಲಿ ಬಹಳ ಹೋಯಿತೇ’ ಎಂಬ ಪ್ರಶ್ನೆಯೇ ಅನೇಕ ಸಲ ಹೆಚ್ಚು ತಿಳಿಸುತ್ತದೆ. ಎಚ್‌ಐವಿ ಪರೀಕ್ಷೆಯನ್ನು ಉಳಿದವುಗಳ ಜೊತೆ ಸದ್ದಿಲ್ಲದೆ ಸೇರಿಸಿಬಿಡುವ ಅಭ್ಯಾಸ ಸರಿಯಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಅದನ್ನು ಮಾಡಬೇಕು. ಆ ಪರೀಕ್ಷೆ ಮಾಡಿಸಿಕೊಂಡರಷ್ಟೇ ಚಿಕಿತ್ಸೆ ಎನ್ನುವುದನ್ನೂ ಕಾಯ್ದೆ ನಿಷೇಧಿಸಿದೆ.

ಈಗ ಅರಿವಳಿಕೆ ವೈದ್ಯರ ಕೋಣೆಗೆ ಹೋಗೋಣ. ಆಸ್ಪತ್ರೆಯಲ್ಲಿ ಇದನ್ನು ಪಿಎಸಿ ಎನ್ನುತ್ತಾರೆ, ಜನ ‘ಫಿಟ್‌ನೆಸ್’ ಎನ್ನುತ್ತಾರೆ. ಫಿಟ್‌ನೆಸ್ ಎಂದ ಕೂಡಲೇ ಅದು ಸಹಿ ಮತ್ತು ಸೀಲಿನ ಕೆಲಸ ಎಂಬ ಭಾವನೆ ಬಂದುಬಿಡುತ್ತದೆ. ಅಲ್ಲಿ ನಡೆಯುವ ಅತಿ ಮುಖ್ಯ ಪರೀಕ್ಷೆಗೆ ಯಂತ್ರವೂ ಇಲ್ಲ, ಬಿಲ್ಲೂ ಇಲ್ಲ. ‘ಬಾಯಿ ದೊಡ್ಡದಾಗಿ ತೆರೆಯಿರಿ, ನಾಲಿಗೆ ಚಾಚಿ’ ಎನ್ನುತ್ತಾರೆ. ಗಂಟಲಿನ ಹಿಂಭಾಗ, ಕಿರುನಾಲಿಗೆ ಎಷ್ಟು ಕಾಣುತ್ತದೆ ಎಂದು ನೋಡಿ ನಾಲ್ಕು ದರ್ಜೆಗಳಲ್ಲಿ ಒಂದನ್ನು ಬರೆದುಕೊಳ್ಳುತ್ತಾರೆ. ಈ ವಿಧಾನದ ಮೂಲ ರೂಪವನ್ನು 1985ರಲ್ಲಿ ಪ್ರಕಟಿಸಿದವರು ಆಂಧ್ರದಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್ನಿನಲ್ಲಿ ಕೆಲಸ ಮಾಡಿದ ಅರಿವಳಿಕೆ ತಜ್ಞ ಶೇಷಗಿರಿ ರಾವ್ ಮಲ್ಲಂಪಾಟಿ. ಇಂದಿಗೂ ಜಗತ್ತಿನಾದ್ಯಂತ ಅವರ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಬಾಯಿ ತೆರೆದಾಗ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹಿಡಿಸುತ್ತವೆಯೇ, ಕುತ್ತಿಗೆ ಹಿಂದಕ್ಕೆ ಬಾಗುತ್ತದೆಯೇ, ಅಲುಗಾಡುವ ಹಲ್ಲಿದೆಯೇ, ಕಟ್ಟಿಸಿದ ಹಲ್ಲಿದೆಯೇ ಎಂದು ನೋಡುತ್ತಾರೆ.

ಇದು ಅಡಿಕೆಯ ನಾಡಾದ ನಮಗೆ ಬಹಳ ಸಲ್ಲುವ ಪರೀಕ್ಷೆ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಬಾಯಿಯ ಒಳಪದರ ಬಿಗಿದು ನಾರುಗಟ್ಟುತ್ತದೆ. ಖಾರ ತಾಗಿದರೆ ಉರಿ, ದೊಡ್ಡ ತುತ್ತು ಒಳಗೆ ಹೋಗುವುದಿಲ್ಲ, ಕ್ರಮೇಣ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಪೂರ್ಣ ಅರಿವಳಿಕೆ ಕೊಡುವಾಗ ನಿದ್ದೆಯ ಔಷಧಿಯ ಬೆನ್ನಿಗೆ ಸ್ನಾಯು ಸಡಿಲಿಸುವ ಔಷಧಿಯನ್ನೂ ಸಾಮಾನ್ಯವಾಗಿ ಕೊಡುತ್ತಾರೆ. ಆಗ ಉಸಿರು ನಿಲ್ಲುತ್ತದೆ. ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸಬೇಕು. ಬಾಯಿ ತೆರೆಯುವುದೇ ಇಲ್ಲ ಎಂಬುದು ಆ ಗಳಿಗೆಯಲ್ಲಿ ಗೊತ್ತಾದರೆ ವೈದ್ಯರ ಕೈಯಲ್ಲಿ ಉಳಿಯುವುದು ಕೆಲವೇ ನಿಮಿಷ. ಹಿಂದಿನ ದಿನವೇ ಗೊತ್ತಾಗಿದ್ದರೆ ಕ್ಯಾಮೆರಾ ಇರುವ ತೆಳುವಾದ ಕೊಳವೆಯನ್ನು, ರೋಗಿ ಎಚ್ಚರವಿರುವಾಗಲೇ, ಮೂಗಿನ ಮೂಲಕ ಇಳಿಸಲು ಸಿದ್ಧತೆ ಮಾಡಿಕೊಳ್ಳುತ್ತಾರೆ. ಆ ಸೌಲಭ್ಯವಿಲ್ಲದ ಆಸ್ಪತ್ರೆಯಾದರೆ ಇರುವ ಕಡೆಗೆ ಕಳಿಸುತ್ತಾರೆ. ಮಗನ ಎದುರು, ಸೊಸೆಯ ಎದುರು ‘ನಾನು ಗುಟ್ಕಾ ಹಾಕುವುದಿಲ್ಲ’ ಎನ್ನುವ ಹಿರಿಯರು ವೈದ್ಯರ ಹತ್ತಿರ ಒಬ್ಬರೇ ಮಾತಾಡಲು ಅವಕಾಶ ಕೇಳಲಿ. ಕುಡಿತದ ವಿಷಯವೂ ಅಷ್ಟೇ. ದಿನವೂ ಕುಡಿಯುವವರಿಗೆ ಆಸ್ಪತ್ರೆ ಸೇರಿದ ಎರಡು ಮೂರು ದಿನಕ್ಕೆ ನಡುಕ, ಗೊಂದಲ, ಫಿಟ್ಸ್ ಬರಬಹುದು. ಮೊದಲೇ ತಿಳಿದರೆ ಅದಕ್ಕೆ ಔಷಧಿಯಿದೆ. ಅಲ್ಲಿ ನಿಜ ಹೇಳಿದವರನ್ನು ಯಾರೂ ಹೀಯಾಳಿಸಬಾರದು. ಹೀಯಾಳಿಸುವ ವೈದ್ಯರಿದ್ದರೆ ತಪ್ಪು ಅವರದು.

‘ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತೀರಾ?’ ಎಂಬುದು ಅಲ್ಲಿ ಕೇಳುವ ಇನ್ನೊಂದು ಪ್ರಶ್ನೆ. ಹೃದಯ ಮತ್ತು ಶ್ವಾಸಕೋಶಗಳಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದಕ್ಕೆ ಅದೊಂದು ಒಳ್ಳೆಯ ಅಳತೆ. ಹತ್ತಲಾಗದವರಿಗೆ ಹೆಚ್ಚಿನ ಪರೀಕ್ಷೆ ಬೇಕಾಗಬಹುದು. ಮಂಡಿ ನೋವಿನಿಂದ ಹತ್ತಲಾಗುವುದಿಲ್ಲವೋ ಏದುಸಿರಿನಿಂದಲೋ ಎಂಬುದನ್ನು ಬಿಡಿಸಿ ಹೇಳಬೇಕು. ರಾತ್ರಿ ಎಷ್ಟು ದಿಂಬು ಬೇಕು, ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಲ್ಲುವುದನ್ನು ಮನೆಯವರು ಕಂಡಿದ್ದಾರೆಯೇ ಎನ್ನುವುದಕ್ಕೆ ಹೆಂಡತಿಯ ಉತ್ತರವೇ ಗಂಡನ ಉತ್ತರಕ್ಕಿಂತ ನಂಬಲರ್ಹ.

ಕುಟುಂಬದ ಕತೆಯನ್ನು ಕೇಳುವುದಕ್ಕೂ ಗಟ್ಟಿ ಕಾರಣವಿದೆ. ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧಿ ಬಹುತೇಕರಲ್ಲಿ ಐದು ಹತ್ತು ನಿಮಿಷಕ್ಕೆ ಇಳಿದುಹೋಗುತ್ತದೆ, ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆಯುತ್ತದೆ. ಆ ಕಿಣ್ವ ಹುಟ್ಟಿನಿಂದಲೇ ಇಲ್ಲದವರಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಅಷ್ಟು ಹೊತ್ತೂ ಯಂತ್ರವೇ ಉಸಿರಾಡಿಸಬೇಕು. ಜಗತ್ತಿನಲ್ಲಿ ಅಪರೂಪವಾದ ಈ ಕೊರತೆ ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಬೇರೆ ಕಡೆಗಿಂತ ಬಹಳ ಹೆಚ್ಚು ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಲೆಮಾರುಗಳಿಂದ ಸಮುದಾಯದೊಳಗೇ ಮದುವೆಯಾಗುತ್ತ ಬಂದಿರುವುದರಿಂದ ಒಂದು ವಂಶವಾಹಿ ಬದಲಾವಣೆ ಅಲ್ಲೇ ಉಳಿದುಕೊಂಡಿದೆ. ದಿನನಿತ್ಯದ ಬದುಕಿಗೆ ಅದರಿಂದ ಏನೂ ತೊಂದರೆಯಿಲ್ಲ, ನಾಚಿಕೊಳ್ಳುವಂಥದ್ದೂ ಇಲ್ಲ. ಆದರೆ ‘ನಮ್ಮ ದೊಡ್ಡಪ್ಪನಿಗೆ ಆಪರೇಷನ್ ಮುಗಿದರೂ ಉಸಿರು ತಾನಾಗಿ ಬರಲು ರಾತ್ರಿಯಾಯಿತಂತೆ’ ಎಂಬ ಮಾತು ಆ ಮನೆಯಲ್ಲಿದ್ದರೆ ಅದನ್ನು ಹೇಳಲೇಬೇಕು. ವೈದ್ಯರು ಬೇರೆ ಔಷಧಿ ಬಳಸಿಕೊಳ್ಳುತ್ತಾರೆ. ಯಾವ ಸಮುದಾಯದವರೇ ಆಗಲಿ, ಹತ್ತಿರದ ಸಂಬಂಧಿಕರಿಗೆ ಅರಿವಳಿಕೆಯಲ್ಲಿ ಜ್ವರ ನೆತ್ತಿಗೇರಿದ್ದು, ಎಚ್ಚರ ತಡವಾದದ್ದು ಇದ್ದರೆ ಅದು ನಿಮ್ಮ ಆರೋಗ್ಯದ ವಿಷಯವೂ ಹೌದು.

ಇಷ್ಟೆಲ್ಲ ನೋಡಿ ವೈದ್ಯರು ಎಎಸ್‌ಎ 1, 2, 3 ಎಂದು ಬರೆಯುತ್ತಾರೆ. ಅಮೆರಿಕದ ಅರಿವಳಿಕೆ ತಜ್ಞರು 1941ರಲ್ಲಿ ಆರಂಭಿಸಿದ ವರ್ಗೀಕರಣವಿದು. ಕಾಯಿಲೆಯಿಲ್ಲದವರು 1, ಹತೋಟಿಯಲ್ಲಿರುವ ಬಿಪಿ ಅಥವಾ ಶುಗರ್ ಇರುವವರು 2, ಹತೋಟಿ ತಪ್ಪಿದ ಅಥವಾ ಗಂಭೀರ ಕಾಯಿಲೆಯವರು 3, ಹೀಗೆ ಏರುತ್ತದೆ. ‘ಹೈ ರಿಸ್ಕ್’ ಎಂದು ಬರೆದ ಕಾಗದಕ್ಕೆ ಸಹಿ ಕೇಳಿದಾಗ ಮನೆಯವರ ಕೈ ನಡುಗುತ್ತದೆ. ಯಾವ ಅಪಾಯ, ಹೃದಯದ್ದೋ ಶ್ವಾಸಕೋಶದ್ದೋ, ಅದನ್ನು ಕಡಿಮೆ ಮಾಡಲು ಏನು ಏರ್ಪಾಡಾಗಿದೆ, ಐಸಿಯು ಹಾಸಿಗೆ ಕಾದಿರಿಸಿದೆಯೇ ಎಂದು ಅಲ್ಲೇ ಕೇಳಬೇಕು. ಸಹಿ ಹಾಕುವವರಿಗೆ ಅದನ್ನು ಕೇಳುವ ಹಕ್ಕಿದೆ.

ಮಾತ್ರೆಗಳ ವಿಷಯ ನಿಧಾನವಾಗಿ ಓದಬೇಕಾದದ್ದು. ಹೆಸರು ನೆನಪಿಟ್ಟುಕೊಳ್ಳುವುದಕ್ಕಿಂತ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗುವುದು ಒಳ್ಳೆಯದು. ರಕ್ತ ತೆಳು ಮಾಡುವ ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ ಐದು ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುವುದಾದರೆ ಅದು ಇನ್ನೂ ಮುಖ್ಯ, ಬೆನ್ನುಹುರಿಯ ಬಳಿ ರಕ್ತ ಸೋರಿ ಹೆಪ್ಪುಗಟ್ಟಿದರೆ ಕಾಲಿನ ಶಕ್ತಿಯೇ ಹೋಗಬಹುದು. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅಕ್ಕಪಕ್ಕದವರ ಮಾತು ಕೇಳಿ ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಂಡು ಹೃದಯಾಘಾತವಾದೀತು. ಸ್ಟೆಂಟ್ ಹಾಕಿ ಆರು ತಿಂಗಳಿಂದ ವರ್ಷದೊಳಗಿದ್ದರೆ ತುರ್ತಲ್ಲದ ಆಪರೇಷನ್ನನ್ನೇ ಮುಂದಕ್ಕೆ ಹಾಕುವುದುಂಟು. ನಿಲ್ಲಿಸುವ ತೀರ್ಮಾನ ಹೃದ್ರೋಗ ತಜ್ಞರದು.

ಶುಗರ್ ಮಾತ್ರೆಗಳಲ್ಲಿ ಒಂದರ ಬಗ್ಗೆ ವಿಶೇಷ ಎಚ್ಚರ ಬೇಕು. ಡಾಪಾಗ್ಲಿಫ್ಲೋಜಿನ್ 2020ರಲ್ಲಿ ಭಾರತದಲ್ಲಿ ಪೇಟೆಂಟ್ ಮುಗಿದು ಅಗ್ಗವಾಯಿತು. ಈಗ ಬೇರೆ ಬೇರೆ ಕಂಪನಿಗಳ ಹತ್ತಾರು ಹೆಸರಿನಲ್ಲಿ ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಒಳ್ಳೆಯ ಔಷಧಿಯೇ. ಆದರೆ ಉಪವಾಸ ಮತ್ತು ಆಪರೇಷನ್ನಿನ ಒತ್ತಡ ಸೇರಿದಾಗ ರಕ್ತ ಆಮ್ಲೀಯವಾಗುವ ಅಪಾಯ ತರುತ್ತದೆ. ಶುಗರ್ ಅಂಕಿ ಅಷ್ಟೇನೂ ಏರದಿರುವುದರಿಂದ ಗ್ಲೂಕೋಮೀಟರಿನಲ್ಲಿ ಸುಳಿವೇ ಸಿಗುವುದಿಲ್ಲ. ಈ ಮಾತ್ರೆ, ಮತ್ತು ಇದೇ ಗುಂಪಿನ ಎಂಪಾಗ್ಲಿಫ್ಲೋಜಿನ್, ಕನಿಷ್ಠ ಮೂರು ದಿನ ಮೊದಲು ನಿಲ್ಲಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ತಿಳಿಸಿತು. ಅನೇಕ ಮಾತ್ರೆಗಳಲ್ಲಿ ಇದು ಮೆಟ್‌ಫಾರ್ಮಿನ್ ಜೊತೆ ಸೇರಿಕೊಂಡಿರುವುದರಿಂದ ರೋಗಿಗೆ ತಾನು ನುಂಗುತ್ತಿರುವುದು ಇದೇ ಎಂದು ಗೊತ್ತಿರುವುದಿಲ್ಲ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ, ತೂಕವನ್ನೂ ಇಳಿಸುವ ಸೆಮಾಗ್ಲುಟೈಡ್‌ನಂಥ ಔಷಧಿಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಉಪವಾಸವಿದ್ದರೂ ಊಟ ಹೊಟ್ಟೆಯಲ್ಲೇ ಉಳಿದಿರಬಹುದು. ಬಿಪಿ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್‌ನಂಥವನ್ನು ಆಪರೇಷನ್ನಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ತಪ್ಪದೆ ನುಂಗಬೇಕು. ಟೆಲ್ಮಿಸಾರ್ಟನ್ ಗುಂಪಿನದನ್ನು ಆ ದಿನ ಬಿಡಿಸುವ ವೈದ್ಯರು ಬಹಳ. ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ.

ಚೀಲಕ್ಕೆ ನಾಟಿ ಔಷಧಿಯೂ ಸೇರಲಿ. ಮಂಡಿ ನೋವಿಗೆ, ದಮ್ಮಿಗೆ ಸಂತೆಯಲ್ಲೋ ಯಾರದೋ ಮನೆಯಲ್ಲೋ ಕೊಡುವ ಹೆಸರಿಲ್ಲದ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ಪತ್ತೆಯಾಗಿದೆ. ತಿಂಗಳುಗಟ್ಟಲೆ ಅದನ್ನು ತಿಂದವರ ಅಡ್ರಿನಲ್ ಗ್ರಂಥಿ ಕೆಲಸ ಮರೆತಿರುತ್ತದೆ. ಆಪರೇಷನ್ನಿನಲ್ಲಿ ಬಿಪಿ ಕುಸಿದಾಗ ಕಾರಣವೇ ಹೊಳೆಯುವುದಿಲ್ಲ. ‘ಅದು ಬೇರು ನಾರಿನ ಔಷಧಿ, ಅದನ್ನೇನು ಹೇಳುವುದು’ ಎಂದುಕೊಳ್ಳುವುದು ಅಪಾಯ.

ಇನ್ನು ಹೊಟ್ಟೆ ಖಾಲಿ ಇಡುವ ಮಾತು. ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಹೆರಿಗೆಗಳ ದಾಖಲೆ ನೋಡಿ, ಅರಿವಳಿಕೆಯಲ್ಲಿದ್ದ 66 ತಾಯಂದಿರಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿತ್ತು ಎಂದು ಬರೆದರು. ಎಚ್ಚರ ತಪ್ಪಿದಾಗ ಗಂಟಲಿನ ಕಾವಲು ಇರುವುದಿಲ್ಲ. ಆಮ್ಲ ಶ್ವಾಸಕೋಶವನ್ನು ಸುಡುತ್ತದೆ, ಗಟ್ಟಿ ಆಹಾರ ದಾರಿಯನ್ನೇ ಮುಚ್ಚುತ್ತದೆ. ಆಮೇಲೆ ಜಗತ್ತಿನ ಎಲ್ಲೆಡೆ ‘ಮಧ್ಯರಾತ್ರಿಯ ನಂತರ ಹನಿ ನೀರೂ ಬೇಡ’ ಎಂಬ ಕಟ್ಟಳೆ ಬೇರೂರಿತು. ನಮ್ಮ ವಾರ್ಡುಗಳಲ್ಲಿ ಇಂದಿಗೂ ಅದೇ ನಡೆಯುತ್ತಿದೆ, ವಿಜ್ಞಾನ ಮುಂದೆ ಹೋಗಿದ್ದರೂ. ಈಗಿನ ಮಾರ್ಗಸೂಚಿಗಳ ಪ್ರಕಾರ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು. ಎದೆಹಾಲಿಗೆ ನಾಲ್ಕು ಗಂಟೆ, ಲಘು ಉಪಾಹಾರಕ್ಕೆ ಆರು, ಪೂರಿ, ವಡೆ, ಮಾಂಸದಂಥ ಜಿಡ್ಡಿನ ಊಟಕ್ಕೆ ಎಂಟು. ಮಧ್ಯಾಹ್ನ ಎರಡಕ್ಕೆ ಆಪರೇಷನ್ ಇರುವ ಎಂಬತ್ತರ ಅಜ್ಜಿಯನ್ನು ಹಿಂದಿನ ರಾತ್ರಿ ಹತ್ತರಿಂದ ಬಾಯಾರಿಸಿ ಮಲಗಿಸುವುದು ಹಿಂಸೆ, ಅದರಿಂದ ಲಾಭವೂ ಇಲ್ಲ. ಗರ್ಭಿಣಿಯರು, ಕರುಳು ಕಟ್ಟಿಕೊಂಡವರು, ಬಹುಕಾಲದ ಶುಗರಿನಿಂದ ಹೊಟ್ಟೆ ನಿಧಾನವಾದವರು ಇವರಿಗೆ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು.

ಕನ್ನಡಿಗರು ಎಡವುವುದು ಕಾಫಿಯಲ್ಲಿ. ‘ಏನೂ ತಿಂದಿಲ್ಲ, ಬರೀ ಒಂದು ಲೋಟ ಕಾಫಿ’ ಎನ್ನುತ್ತಾರೆ. ಹಾಲು ಹೊಟ್ಟೆಯೊಳಗೆ ಒಡೆದು ಗಟ್ಟಿಯಾಗುತ್ತದೆ. ಅರಿವಳಿಕೆಯ ಲೆಕ್ಕದಲ್ಲಿ ಅದು ತಿಂಡಿಯೇ, ಆರು ಗಂಟೆ ಬಿಡಬೇಕು. ಮಜ್ಜಿಗೆಯೂ ಹಾಗೇ. ಹಾಲಿಲ್ಲದ ಕಪ್ಪು ಕಾಫಿ ಮಾತ್ರ ನೀರಿನ ಸಾಲಿಗೆ ಸೇರುತ್ತದೆ. ತಪ್ಪಿ ಕುಡಿದಿದ್ದರೆ ಹೇಳಿಬಿಡಿ. ಆಪರೇಷನ್ ಕೆಲವು ಗಂಟೆ ಮುಂದಕ್ಕೆ ಹೋದೀತು, ಅಷ್ಟೇ. ಬೈಯುತ್ತಾರೆಂದು ಮಗುವಿಗೆ ಕೊಟ್ಟ ಬಿಸ್ಕತ್ತನ್ನು ಮುಚ್ಚಿಡುವ ತಾಯಂದಿರಿದ್ದಾರೆ. ಅವರು ಹಾಗೆ ಹೆದರುವಂತೆ ಮಾಡಿದ್ದು ವಾರ್ಡಿನಲ್ಲಿ ಕೇಳಿಬರುವ ಗದರು ದನಿ.

ಉಳಿದ ಸಿದ್ಧತೆಗಳನ್ನು ಬೇಗ ಹೇಳಿಬಿಡುತ್ತೇನೆ. ಬೀಡಿ, ಸಿಗರೇಟು ಬಿಡಲು ನಾಲ್ಕು ವಾರ ಸಿಕ್ಕರೆ ಶ್ವಾಸಕೋಶದ ತೊಂದರೆ ಸ್ಪಷ್ಟವಾಗಿ ಕಡಿಮೆಯಾಗುತ್ತದೆ. ಒಂದೇ ದಿನ ಬಿಟ್ಟರೂ ರಕ್ತದ ಕಾರ್ಬನ್ ಮಾನಾಕ್ಸೈಡ್ ಇಳಿದು ಅಷ್ಟರಮಟ್ಟಿಗೆ ಲಾಭವೇ. ಮೂರು ಚೆಂಡಿನ ಉಸಿರಾಟದ ಉಪಕರಣ ಕೊಟ್ಟರೆ ಅದನ್ನು ಊದಬಾರದು, ಎಳೆಯಬೇಕು. ಆಪರೇಷನ್ನಿಗೆ ಮೊದಲೇ ಅಭ್ಯಾಸ ಮಾಡಿದವರಿಗೆ ಹೊಲಿಗೆ ನೋವಿನ ನಡುವೆ ಅದು ಸುಲಭ. ಹಿಂದಿನ ರಾತ್ರಿ ಮನೆಯಲ್ಲೇ ರೇಜರಿನಿಂದ ಕೂದಲು ಬೋಳಿಸಿಕೊಂಡು ಬರಬೇಡಿ. ಚರ್ಮದ ಸೂಕ್ಷ್ಮ ಗೀರುಗಳಲ್ಲಿ ಬ್ಯಾಕ್ಟೀರಿಯಾ ಸೇರುತ್ತದೆ. ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸ್ನಾನ ಮಾಡಿ ಬನ್ನಿ. ಉಗುರಿನ ಬಣ್ಣ, ದಟ್ಟ ಕಪ್ಪು ಮೆಹಂದಿ ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕದ ಬೆಳಕಿಗೆ ಅಡ್ಡ ಬರಬಹುದು. ತಾಳಿ, ಕಾಲುಂಗುರ ತೆಗೆಯಲು ಹೇಳಿದಾಗ ಹೆಂಗಸರಿಗೆ ಆಗುವ ಸಂಕಟವನ್ನು ನರ್ಸ್ ಅಮ್ಮಂದಿರು ಬಲ್ಲರು. ವಿದ್ಯುತ್ ಕತ್ತರಿ ಬಳಸುವಾಗ ಲೋಹ ತಾಗಿದಲ್ಲಿ ಚರ್ಮ ಸುಡುವ ಸಂಭವವಿರುವುದರಿಂದಲೇ ಹಾಗೆ ಕೇಳುವುದು.

ಸಹಿಯ ಮಾತು ಇನ್ನೊಮ್ಮೆ. ದೆಹಲಿಯಲ್ಲಿ 1995ರಲ್ಲಿ ಒಬ್ಬ ಮಹಿಳೆ ದುರ್ಬೀನಿನ ಮೂಲಕ ಹೊಟ್ಟೆಯೊಳಗೆ ಪರೀಕ್ಷೆ ಮಾಡಿಸಿಕೊಳ್ಳಲು ಒಪ್ಪಿ ಮಲಗಿದರು. ಅವರು ಮಂಪರಿನಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. ಸಮೀರಾ ಕೊಹ್ಲಿ ಪ್ರಕರಣವೆಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಹೇಳಿದ್ದಿಷ್ಟು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ, ಪ್ರಾಯಕ್ಕೆ ಬಂದ, ತಿಳಿವಳಿಕೆಯುಳ್ಳ ರೋಗಿಯ ಪರವಾಗಿ ಮನೆಯವರು ಒಪ್ಪಿದರೂ ಸಲ್ಲದು. ನಮ್ಮ ಆಸ್ಪತ್ರೆಗಳಲ್ಲಿ ಹೆಂಡತಿಯ ಆಪರೇಷನ್ನಿಗೆ ಗಂಡನ ಸಹಿಯನ್ನೇ ಮೊದಲು ಕೇಳುವುದನ್ನು ನೋಡಿದಾಗಲೆಲ್ಲ ಈ ತೀರ್ಪು ನೆನಪಾಗುತ್ತದೆ. ಕಾಗದ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು, ಒಳಗೆ ಬೇರೇನಾದರೂ ಕಂಡರೆ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಥಿಯೇಟರಿನ ಬಾಗಿಲಲ್ಲಿ ಹೆಸರೇನು, ಯಾವ ಆಪರೇಷನ್, ಯಾವ ಕಡೆ ಎಂದು ಒಬ್ಬರಾದ ಮೇಲೊಬ್ಬರು ಕೇಳಿದರೆ ಬೇಸರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ರೂಪಿಸಿದ ಹತ್ತೊಂಬತ್ತು ಅಂಶಗಳ ಪಟ್ಟಿಯದು. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಯಾರೂ ಕೇಳದಿದ್ದರೆ ನೀವೇ ಹೇಳಿ: ಎಡ ಮಂಡಿ, ಪೆನಿಸಿಲಿನ್ ಅಲರ್ಜಿ.

ಖರ್ಚಿನ ಬಗ್ಗೆ ಒಂದು ಉಪಯುಕ್ತ ವಿವರ. ಆಯುಷ್ಮಾನ್ ಯೋಜನೆಯ ಪ್ಯಾಕೇಜಿನಲ್ಲಿ ಅಡ್ಮಿಟ್ ಆಗುವ ಮೂರು ದಿನ ಮೊದಲಿನ ಪರೀಕ್ಷೆ, ಔಷಧಿ ಮತ್ತು ಬಿಡುಗಡೆಯಾದ ಮೇಲಿನ ಹದಿನೈದು ದಿನದ ವೆಚ್ಚವೂ ಸೇರಿದೆ. ಖಾಸಗಿ ವಿಮೆಗಳಲ್ಲಿ ಸಾಮಾನ್ಯವಾಗಿ ಮೊದಲಿನ ಮೂವತ್ತು ದಿನದ ಬಿಲ್ಲುಗಳನ್ನೂ ಕೇಳಬಹುದು. ರಸೀದಿಗಳನ್ನು ಎಸೆಯಬೇಡಿ.

ಮನೆಗೆ ಹೊರಡುವಾಗ ಡಿಸ್ಚಾರ್ಜ್ ಸಾರಾಂಶದ ಜೊತೆ ಅರಿವಳಿಕೆಯ ಟಿಪ್ಪಣಿಯ ಪ್ರತಿಯನ್ನೂ ಕೇಳಿ ಪಡೆಯಿರಿ. ಯಾವ ಔಷಧಿ ಕೊಟ್ಟರು, ಕೊಳವೆ ಇಳಿಸಲು ಕಷ್ಟವಾಯಿತೇ, ಬಿಪಿ ಎಲ್ಲಿ ಇಳಿಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಡಿಸ್ಚಾರ್ಜ್ ಸಾರಾಂಶದಲ್ಲಿ ಅನೇಕ ಸಲ ಈ ಬಗ್ಗೆ ಒಂದು ಸಾಲೂ ಇರುವುದಿಲ್ಲ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರಿಗೆ ಅನ್ವಯಿಸುವ 2002ರ ವೃತ್ತಿ ನಿಯಮಾವಳಿ ಹೇಳುತ್ತದೆ. ಆ ಟಿಪ್ಪಣಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಮಕ್ಕಳಿಗೂ ಕಳಿಸಿಡಿ, ಏಕೆಂದರೆ ಮುಂದೆ ಅವರಿಗೇ ಆಪರೇಷನ್ ಬೇಕಾದಾಗ ಅರಿವಳಿಕೆ ವೈದ್ಯರು ನಿಮ್ಮ ಬಗ್ಗೆಯೂ ಕೇಳುತ್ತಾರೆ.